ಕಲ್ಯಾಣದ ಓಲೆ, ಓದುಗನ ಕೈ

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಒಂದು ಈಶ್ವರ ಗುಡಿಯಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಬರೆಯುತ್ತಿದ್ದಾಳೆ. ಕನ್ನಡಿ ನೋಡಿಕೊಳ್ಳುವವಳು, ಕುಣಿಯುವವಳು ಆ ಕಾಲದ ಎಷ್ಟೋ ಗುಡಿಗಳಲ್ಲಿ ಸಿಗುತ್ತಾರೆ, ಬರೆಯುವವಳು ಅಪರೂಪ. ಅವಳ ಮುಂದಿನ ಫಲಕದ ಮೇಲೆ ಶಿಲ್ಪಿ ಸುಮ್ಮನೆ ಗೆರೆ ಎಳೆದು ಕೈಬಿಟ್ಟಿಲ್ಲ. ಓದಲು ಬರುವ ಸಂಸ್ಕೃತ ಸಾಲನ್ನೇ ಕೆತ್ತಿದ್ದಾನೆ. ಏಳು ದ್ವೀಪಗಳ ಭೂಮಿಯೆಲ್ಲ ಚಾಲುಕ್ಯ ವಿಕ್ರಮಾದಿತ್ಯನ ವಶವಾಗುತ್ತದೆ ಎಂದು ಅದರ ಹೊಗಳಿಕೆ. 1076ರಿಂದ 1126ರವರೆಗೆ ಆಳಿದ 6ನೆಯ ವಿಕ್ರಮಾದಿತ್ಯನ ರಾಜಧಾನಿ ಅಲ್ಲೇ ಹತ್ತಿರದ ಕಲ್ಯಾಣ, ಇಂದಿನ ಬಸವಕಲ್ಯಾಣ. ಏಳು ದ್ವೀಪ ಅವನ ಕೈಗೆ ಬರಲಿಲ್ಲ. ಆದರೂ ಒಂಬೈನೂರು ವರ್ಷಗಳಲ್ಲಿ ಯಾರೂ ಆ ಸಾಲನ್ನು ತಿದ್ದಿಲ್ಲ. ತಿದ್ದಬೇಕೆಂದರೆ ಉಳಿ ಬೇಕು, ಹಾಡುಹಗಲೇ ಗುಡಿಯ ಗೋಡೆಗೆ ಕೈಯಿಡುವ ಧೈರ್ಯ ಬೇಕು. ಇಷ್ಟೆಲ್ಲ ಮಾಡಿದರೂ ಕೆರೆದ ಗಾಯ ಕಲ್ಲಿನ ಮೇಲೆ ಹಾಗೇ ಉಳಿಯುತ್ತದೆ.

ಒಬ್ಬರು ಬರೆದು ಇನ್ನೊಬ್ಬರ ಕೈಗೆ ಕೊಟ್ಟ ಮಾತಿನ ಪಾಡು ಬೇರೆ. ಅದು ಪಡೆದವರ ಮನೆಯಲ್ಲಿ, ಅವರ ಪೆಟ್ಟಿಗೆಯಲ್ಲಿ, ಅವರ ಕಣ್ಗಾವಲಿನಲ್ಲಿ ಬಾಳುತ್ತದೆ. ಅದನ್ನು ಅವರು ತಿದ್ದಬಹುದೇ?

ಇಂದು ಈ ಪ್ರಶ್ನೆ ಇಮೇಲಿನ ರೂಪದಲ್ಲಿ ಬಂದಿದೆ. ನಮ್ಮ ಅಂಚೆಪೆಟ್ಟಿಗೆಗೆ ಬಂದ ಸಂದೇಶವನ್ನು ನಾವೇ ತಿದ್ದಲು ತಂತ್ರಾಂಶ ಬಿಡಬೇಕೇ? ಕೇಳುವವರ ಕಾರಣಗಳು ಸಾಧುವಾಗಿಯೇ ಇವೆ. ಕಳಿಸಿದವರು ವಿಷಯದ ಸಾಲನ್ನು ಖಾಲಿ ಬಿಟ್ಟಿರುತ್ತಾರೆ, ಆರು ತಿಂಗಳ ಮೇಲೆ ಹುಡುಕಿದರೆ ಅದು ಸಿಗುವುದಿಲ್ಲ. ದೊಡ್ಡ ಲಗತ್ತು ಜಾಗ ತಿನ್ನುತ್ತಿರುತ್ತದೆ, ಅದೊಂದನ್ನು ತೆಗೆದು ಪತ್ರವನ್ನು ಮಾತ್ರ ಇಟ್ಟುಕೊಳ್ಳುವ ಆಸೆ. ಫೋನಿನಲ್ಲಿ ಆದ ಮಾತನ್ನು ಆ ಪತ್ರದ ಕೆಳಗೇ ಬರೆದಿಟ್ಟುಕೊಳ್ಳಬೇಕು. ಬೇಡ ಎನ್ನುವವರದು ಒಂದೇ ಕಾರಣ: ನಾಳೆ ಅದೇ ಪತ್ರವನ್ನು ಮುಂದಿಟ್ಟು ‘ನೀವೇ ಹೀಗೆ ಬರೆದಿದ್ದೀರಿ’ ಎಂದರೆ? ಜಿಮೇಲ್ ನಿಂತಿರುವುದು ಬೇಡ ಎನ್ನುವವರ ಪಕ್ಷದಲ್ಲಿ. ಮೈಕ್ರೋಸಾಫ್ಟಿನ ಔಟ್‌ಲುಕ್‌ನ ಹಳೆಯ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಬಂದ ಸಂದೇಶವನ್ನು ತಿದ್ದುವ ಆಯ್ಕೆ ಮೆನುವಿನೊಳಗೆ ಬಹಳ ಕಾಲದಿಂದ ಕೂತಿದೆ, ದಿನವೂ ಅದನ್ನೇ ಬಳಸುವವರಲ್ಲೂ ಎಷ್ಟೋ ಮಂದಿಗೆ ಗೊತ್ತಿಲ್ಲದೆ.

ಪಡೆದವರು ತಿದ್ದಿದರೆ ಏನಾಗುತ್ತದೆ, ತಿದ್ದದಂತೆ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಕಲ್ಯಾಣದ ಸೀಮೆಯಷ್ಟು ಹಳೆಯ, ಅಷ್ಟು ಪೂರ್ತಿಯಾದ ದಾಖಲೆ ಕನ್ನಡದಲ್ಲಿ ಇನ್ನೊಂದಿಲ್ಲ.

ಮೊದಲು ಕಟ್ಟಿಹಾಕಿದ ಬಗೆ. ಅರಸ ಭೂಮಿ ದಾನ ಕೊಟ್ಟರೆ ಅದರ ಪತ್ರ ತಾಮ್ರದ ಹಲಗೆಗಳಲ್ಲಿ ಇರುತ್ತಿತ್ತು, ಮತ್ತು ಅದು ದಾನ ಪಡೆದವರ ಮನೆಯಲ್ಲೇ ಇರುತ್ತಿತ್ತು. ಊರು ಯಾವುದು, ಎಲ್ಲೆ ಎಲ್ಲಿಯವರೆಗೆ, ಯಾವ ತೆರಿಗೆ ಮಾಫಿ ಎಂಬ ವಿವರವೆಲ್ಲ ಅದರಲ್ಲಿ. ತಿದ್ದಿದರೆ ಲಾಭ ಆಗುವವನ ಕೈಯಲ್ಲೇ ಪತ್ರ! ಅದಕ್ಕೆ ಅರಮನೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಹಲಗೆಗಳಿಗೆ ಒಂದೊಂದು ತೂತು ಕೊರೆದು, ಎಲ್ಲವನ್ನೂ ಒಂದೇ ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನೂ ರಾಜಮುದ್ರೆಯೊಳಗೆ ಬೆಸೆದುಬಿಡುತ್ತಿದ್ದರು. ಚಾಲುಕ್ಯರ ಮುದ್ರೆಯಲ್ಲಿ ವರಾಹ. ನಡುವೆ ಒಂದು ಹಲಗೆ ಸೇರಿಸಬೇಕಾದರೂ ತೆಗೆಯಬೇಕಾದರೂ ಬಳೆ ಕತ್ತರಿಸಲೇಬೇಕು. 19ನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಮೊದಲಾದ ಶಾಸನತಜ್ಞರು ತಾಮ್ರಪಟ ಪ್ರಕಟಿಸುವಾಗ ಪಾಠಕ್ಕೆ ಮೊದಲೇ ಹಲಗೆಯ ಅಳತೆ, ತೂಕ ಬರೆದು, ತಮ್ಮ ಕೈಗೆ ಬಂದಾಗ ಬಳೆ ಕತ್ತರಿಸಿತ್ತೋ ಇಲ್ಲವೋ ಎಂಬುದನ್ನು ಬಿಡದೆ ದಾಖಲಿಸುತ್ತಿದ್ದುದು ಈ ಕಾರಣಕ್ಕೇ.

ಆದರೂ ಖೊಟ್ಟಿ ತಾಮ್ರಪಟಗಳು ಹುಟ್ಟಿದವು, ಧಾರಾಳವಾಗಿಯೇ ಹುಟ್ಟಿದವು. ಅಂಥ ಪಟಗಳದೇ ಒಂದು ಪಟ್ಟಿಯನ್ನು ಫ್ಲೀಟ್ ಪ್ರಕಟಿಸಬೇಕಾಯಿತು. ತಲಕಾಡಿನ ಗಂಗರ ಪಟಗಳಲ್ಲಿ ಯಾವುದು ಅಸಲಿ, ಯಾವುದು ನಕಲಿ ಎಂದು ಅವನಿಗೂ ಇನ್ನೊಬ್ಬ ಶಾಸನತಜ್ಞ ಬಿ. ಎಲ್. ರೈಸ್‌ಗೂ ವರ್ಷಗಟ್ಟಲೆ ವಾದ ನಡೆಯಿತು. ಬಳೆಯನ್ನು ಮುರಿದು ತಿದ್ದುವ ಕಷ್ಟವೇಕೆ? ಇಡೀ ಪತ್ರವನ್ನೇ ಹೊಸದಾಗಿ ಬರೆಸಿದರಾಯಿತು! ತಿದ್ದುವ ಗುಂಡಿಯನ್ನು ತಂತ್ರಾಂಶದಿಂದ ಕಿತ್ತು ಹಾಕಿದರೆ ಮೋಸ ನಿಲ್ಲುತ್ತದೆ ಎನ್ನುವವರು ಈ ಪಟ್ಟಿಯನ್ನೊಮ್ಮೆ ನೋಡಬೇಕು.

ತಾಮ್ರಪಟಕ್ಕೆ ತದ್ವಿರುದ್ಧವಾದ ಸಾಧನವೂ ಕನ್ನಡ ನಾಡಿನಲ್ಲಿ ಬಳಕೆಯಲ್ಲಿತ್ತು: ಕಡತ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುವ ಪುಸ್ತಕ ಅದು. ಒರೆಸಬಹುದು, ಮತ್ತೆ ಬರೆಯಬಹುದು. ಶಾನುಭೋಗರು, ವ್ಯಾಪಾರಿಗಳು ಅದರಲ್ಲೇ ಲೆಕ್ಕವಿಟ್ಟರು. 1810ರಿಂದ ಹೊರಬಂದ ತನ್ನ ಮೈಸೂರು ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಈ ಕಡತವನ್ನು ವರ್ಣಿಸಿದ್ದಾನೆ. ಒರೆಸಲು ಬರುವ ಬಟ್ಟೆಯ ಮೇಲೆ ತೆರಿಗೆಯ ಲೆಕ್ಕ ಶತಮಾನಗಟ್ಟಲೆ ನಡೆದುಬಂತು ಎಂಬುದನ್ನು ನೆನೆದರೆ ಇಂದಿನ ಲೆಕ್ಕಪರಿಶೋಧಕರಿಗೆ ನಿದ್ದೆ ಬರಲಿಕ್ಕಿಲ್ಲ.

ಇವೆರಡರ ನಡುವೆ ಕಲ್ಯಾಣವೇ ಇನ್ನೊಂದು ದಾರಿ ತೋರಿಸಿತ್ತು. ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಕಲಬುರಗಿ ಜಿಲ್ಲೆಯ ಮರತೂರಿನವರು ಇವನನ್ನು ತಮ್ಮವನೆನ್ನುತ್ತಾರೆ. ಗ್ರಂಥದ ಕೊನೆಯಲ್ಲಿ ಕಲ್ಯಾಣದಂಥ ಊರಿಲ್ಲ, ವಿಕ್ರಮನಂಥ ದೊರೆಯಿಲ್ಲ, ತನ್ನಂಥ ಪಂಡಿತನಿಲ್ಲ ಎಂದು ಹೇಳಿಕೊಳ್ಳಲು ಅವನಿಗೆ ಸಂಕೋಚವೇನೂ ಆಗಲಿಲ್ಲ. ಅವನ ಕೈಗೆ ಬಂದದ್ದು ನೂರಾರು ವರ್ಷ ಹಳೆಯ ಸ್ಮೃತಿ. ಅದರ ಒಂದಕ್ಷರವನ್ನೂ ಅವನು ಮುಟ್ಟಲಿಲ್ಲ. ಶ್ಲೋಕವನ್ನು ಇದ್ದಂತೆ ಇಟ್ಟು, ಅದರ ಕೆಳಗೆ ತನಗೆ ಬೇಕಾದ ಅರ್ಥವನ್ನು ಕಟ್ಟುತ್ತ ಹೋದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ವಾದವನ್ನು ಅಲ್ಲಿ ಗಟ್ಟಿಯಾಗಿ ನಿಲ್ಲಿಸಿದ. ಸಪಿಂಡ ಎಂದರೆ ಶ್ರಾದ್ಧದ ಅನ್ನದ ಪಿಂಡದಿಂದ ಬಂದ ನಂಟಲ್ಲ, ಒಂದೇ ದೇಹದ ಅಂಶ ಹಂಚಿಕೊಂಡವರ ನಂಟು ಎಂದ. ಬಂಗಾಳದ ಜೀಮೂತವಾಹನ ‘ದಾಯಭಾಗ’ದಲ್ಲಿ ಅದೇ ಹಳೆಯ ವಚನಗಳನ್ನಿಟ್ಟುಕೊಂಡು ಬೇರೆಯೇ ನಿರ್ಣಯಕ್ಕೆ ಬಂದ. ಇಬ್ಬರಿಗೂ ಮೂಲ ಹಾಗೇ ಉಳಿದಿತ್ತು. ಯಾರು ಎಲ್ಲಿ ತಿರುವು ಕೊಟ್ಟರು ಎಂಬುದು ಓದಿದವರಿಗೆ ಕಾಣುತ್ತಿತ್ತು. ಸಂಸ್ಕೃತ ವಿದ್ವಾಂಸ ಕೋಲ್‌ಬ್ರುಕ್ 1810ರಲ್ಲಿ ‘ದಾಯಭಾಗ’ವನ್ನೂ ‘ಮಿತಾಕ್ಷರಾ’ದ ಆಸ್ತಿ ಹಂಚಿಕೆಯ ಪ್ರಕರಣವನ್ನೂ ಇಂಗ್ಲಿಷಿಗೆ ತಂದ. ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಲಯಗಳು ಅದನ್ನೇ ಹಿಡಿದು ತೀರ್ಪು ಕೊಟ್ಟವು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಾಗ ಕಾಯ್ದೆಯ ಒಳಗೇ ಮಿತಾಕ್ಷರದ ಹೆಸರಿತ್ತು. ಕಲ್ಯಾಣದಲ್ಲಿ ಅಂಚಿನಲ್ಲಿ ಬರೆದ ಟಿಪ್ಪಣಿ ಸಂಸತ್ತಿನವರೆಗೆ ನಡೆದುಹೋದದ್ದು ಹೀಗೆ.

ವಿಜ್ಞಾನೇಶ್ವರನಿಗೆ ಸಂಸ್ಕೃತ ಪಾಂಡಿತ್ಯದ ಶಿಸ್ತಿತ್ತು. ಅವನಾದ ಮೇಲೆ ಅದೇ ಊರಿನಲ್ಲಿ ಕನ್ನಡದಲ್ಲಿ ಮಾತಾಡಿದವರಿಗೆ ಆ ರಕ್ಷಣೆ ಇರಲಿಲ್ಲ.

12ನೆಯ ಶತಮಾನದ ನಡುವೆ ಕಳಚುರಿ ಬಿಜ್ಜಳ ಕಲ್ಯಾಣದ ಗದ್ದುಗೆ ಹಿಡಿದ. ಅವನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಅಂಬಿಗರು, ಮಡಿವಾಳರು, ಸಮಗಾರರು, ನೇಕಾರರು, ಕಾಯಕದ ಹೆಣ್ಣುಮಕ್ಕಳು ಸೇರಿದರು. 1167–68ರ ಹೊತ್ತಿಗೆ ಎಲ್ಲವೂ ರಕ್ತಪಾತದಲ್ಲಿ ಮುಗಿಯಿತು. ಬಸವಣ್ಣನವರು ಕೃಷ್ಣಾ–ಮಲಪ್ರಭೆಯರ ಕೂಡಲಸಂಗಮಕ್ಕೆ ಹೋದರು. ಚನ್ನಬಸವಣ್ಣನವರ ಜತೆಗಿದ್ದ ಶರಣರ ದಂಡು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ನಡೆಯಿತು ಎಂಬುದು ಪರಂಪರೆಯ ಮಾತು. ಬಸವಣ್ಣನವರ ಕೈಬರಹದ ಒಂದು ಗರಿಯೂ ಇಂದು ಉಳಿದಿಲ್ಲ. ಕಲ್ಯಾಣದಲ್ಲಿ ಬರೆದ, ಆಡಿದ ಮಾತುಗಳಲ್ಲಿ ನಮಗೆ ಸಿಕ್ಕಿರುವುದೆಲ್ಲ ಕೇಳಿದವರ ಪ್ರತಿ, ಅದರ ಪ್ರತಿ, ಆ ಪ್ರತಿಯ ಪ್ರತಿ. ಕಳಿಸಿದವರ ಪೆಟ್ಟಿಗೆ ಸುಟ್ಟುಹೋಗಿದೆ; ಪಡೆದವರ ಪೆಟ್ಟಿಗೆಗಳು ಮಾತ್ರ ಉಳಿದಿವೆ.

ಓಲೆಗರಿಯ ಮೇಲೆ ಬರೆಯುವುದೆಂದರೆ ಕೊರೆಯುವುದು. ಕಬ್ಬಿಣದ ಕಂಟ ಹಿಡಿದು, ಗರಿಯನ್ನು ಎಡಗೈಯಲ್ಲಿ ಸರಿಸುತ್ತ ಸರಿಸುತ್ತ ಅಕ್ಷರ ಕೊರೆಯಬೇಕು. ಬರೆಯುವಾಗ ಅಕ್ಷರ ಸರಿಯಾಗಿ ಕಾಣುವುದೂ ಇಲ್ಲ. ಆಮೇಲೆ ಮಸಿ ಬಳಿದು ಒರೆಸಿದಾಗ ಗೀರಿನೊಳಗೆ ಕಪ್ಪು ನಿಂತು ಓದಲು ಬರುತ್ತದೆ. ತಪ್ಪು ಬಿದ್ದರೆ ಅಳಿಸಲು ದಾರಿಯಿಲ್ಲ. ಹೊಡೆದು ಹಾಕಿ ಪಕ್ಕದಲ್ಲಿ ಬರೆಯಬೇಕು, ಇಲ್ಲವೇ ತಪ್ಪನ್ನೇ ಬಿಟ್ಟು ಮುಂದೆ ಹೋಗಬೇಕು. ಗರಿ ಹುಳ ಹಿಡಿದು ಮುರಿಯುವುದರಿಂದ ನೂರಿನ್ನೂರು ವರ್ಷಕ್ಕೊಮ್ಮೆ ಪ್ರತಿ ಮಾಡಲೇಬೇಕು. ಪ್ರತಿ ಮಾಡುವವನು ಕೇಳಿದ್ದನ್ನು, ತಿಳಿದದ್ದನ್ನು, ತನ್ನೂರಿನ ಉಚ್ಚಾರವನ್ನು ಒಂದಿಷ್ಟು ಬೆರೆಸಿಯೇ ಬೆರೆಸುತ್ತಾನೆ. ಕಟ್ಟಿನ ಕೊನೆಯಲ್ಲಿ ಅವನ ವಿನಂತಿಯೂ ಇರುತ್ತದೆ: ಇದರಲ್ಲಿ ಅಕ್ಷರ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದುವುದು. ಕನ್ನಡ, ಸಂಸ್ಕೃತ ಹಸ್ತಪ್ರತಿಗಳಲ್ಲಿ ಈ ಮಾತು ಎಷ್ಟು ಸಾಮಾನ್ಯವೆಂದರೆ ಯಾರೂ ಅದರತ್ತ ಗಮನ ಕೊಡುವುದಿಲ್ಲ. ಅಂದರೆ ಪಡೆದವರಿಗೆ ತಿದ್ದುವ ಅನುಮತಿ ಗ್ರಂಥದ ಜತೆಗೇ ಬರುತ್ತಿತ್ತು.

ಆ ಅನುಮತಿಯನ್ನು ಎಲ್ಲಕ್ಕಿಂತ ದೊಡ್ಡದಾಗಿ ಬಳಸಿದ್ದು ಶೂನ್ಯಸಂಪಾದನೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಬಿಡಿಬಿಡಿಯಾಗಿದ್ದ ವಚನಗಳನ್ನು ಹೆಕ್ಕಿ, ಶರಣ ಅಲ್ಲಮನ ಸುತ್ತ ಸಂವಾದವಾಗಿ ಹೊಂದಿಸಿ, ನಡುವೆ ತನ್ನ ಗದ್ಯದ ಹೊಲಿಗೆ ಹಾಕಿದ. ಯಾವಾಗಲೋ ಯಾರಿಗೋ ಹೇಳಿದ್ದಿರಬಹುದಾದ ವಚನ ಇಲ್ಲಿ ಅಕ್ಕಮಹಾದೇವಿಯ ಪ್ರಶ್ನೆಗೆ ಅಲ್ಲಮನ ಉತ್ತರವಾಯಿತು. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಇದನ್ನೇ ಮತ್ತೆ ಮತ್ತೆ ಪರಿಷ್ಕರಿಸಿದರು. ಅವರ ನಡುವಿನ ಜಗಳದ ಒಂದು ಗಂಟು ಸೊನ್ನಲಿಗೆಯ ಸಿದ್ಧರಾಮ. ಕೆರೆ ಕಟ್ಟಿಸಿ, ಲಿಂಗಗಳನ್ನು ಸ್ಥಾಪಿಸಿ ದೊಡ್ಡವನಾದ ಸಿದ್ಧರಾಮನಿಗೆ ಕಲ್ಯಾಣಕ್ಕೆ ಬಂದ ಮೇಲೆ ಇಷ್ಟಲಿಂಗ ದೀಕ್ಷೆ ಆಯಿತೇ? ಮಹಾದೇವಯ್ಯನ ಸಂಪಾದನೆಯಲ್ಲಿ ಆ ದೀಕ್ಷೆಯಿಲ್ಲ. ಹಲಗೆಯಾರ್ಯ ಅದು ಕೊರತೆಯೆಂದು ಬಗೆದು ಚನ್ನಬಸವಣ್ಣನಿಂದ ದೀಕ್ಷೆ ಕೊಡಿಸುವ ಭಾಗವನ್ನು ಸೇರಿಸಿದ.

ಇಲ್ಲಿ ಗಮನಿಸಬೇಕಾದದ್ದು ಹಲಗೆಯಾರ್ಯ ಹೆಸರು ಮರೆಸಿ ಕದ್ದು ಸೇರಿಸಲಿಲ್ಲ ಎಂಬುದು. ತನ್ನ ಹೆಸರಿನಲ್ಲಿ ಬೇರೊಂದು ಸಂಪಾದನೆಯನ್ನೇ ಹೊರತಂದ. ಮಹಾದೇವಯ್ಯನ ಪ್ರತಿ ತನ್ನ ಪಾಡಿಗೆ ತಾನು ಉಳಿಯಿತು. ಇಂದು ನಾಲ್ಕನ್ನೂ ಪಕ್ಕಪಕ್ಕ ಇಟ್ಟುಕೊಂಡು ಯಾರು ಏನನ್ನು ಕೂಡಿಸಿದರು, ಯಾವುದನ್ನು ಬಿಟ್ಟರು ಎಂದು ಬೆರಳಿಟ್ಟು ತೋರಿಸಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು ಗೂಳೂರನ ಪಾಠವನ್ನು. ಹೊರಗಿನ ಜಗತ್ತು ‘ಶೂನ್ಯಸಂಪಾದನೆ’ ಎಂದು ಓದುವುದು ನಾಲ್ಕನೆಯ ಪರಿಷ್ಕರಣವನ್ನು.

ಎಲ್ಲ ತಿದ್ದುಪಡಿಯೂ ಇಷ್ಟು ಬಯಲಿನಲ್ಲಿ ನಡೆಯಲಿಲ್ಲ. ಒಂದೇ ವಚನ ಒಂದು ಕಟ್ಟಿನಲ್ಲಿ ಒಬ್ಬ ಶರಣನ ಅಂಕಿತದಲ್ಲಿ, ಇನ್ನೊಂದರಲ್ಲಿ ಬೇರೆಯವನ ಅಂಕಿತದಲ್ಲಿ ಸಿಗುತ್ತದೆ. ಅಂಕಿತ ಉಳಿದು ಹೆಸರು ಕಳೆದುಹೋದ ವಚನಕಾರರೂ ಹಲವರು. ನಂತರದವರು ತಮ್ಮ ಮತವನ್ನು ಬಸವಣ್ಣನವರ ಬಾಯಲ್ಲಿ ಹೇಳಿಸಿದ ಖೊಟ್ಟಿ ವಚನಗಳಂತೂ ವಿದ್ವಾಂಸರಿಗೆ ತೀರದ ತಲೆನೋವು.

ಈ ಸಿಕ್ಕನ್ನು ಬಿಡಿಸಲು ಕೂತವರಲ್ಲಿ ಮೊದಲಿಗರು ವಿಜಯಪುರದ ವಕೀಲ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಅವರು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ರಬಕವಿ–ಬನಹಟ್ಟಿಯ ಕಡೆ ಒಂದು ಮನೆಯಲ್ಲಿ ವಚನದ ತಾಡೋಲೆಗಳನ್ನು ಕಂಡರಂತೆ. ಮನೆಯವರಿಗೆ ಅವು ಪೂಜೆಯ ವಸ್ತು. ಅರಿಸಿನ ಕುಂಕುಮ ಏರಿಸಿದ್ದರು, ಓದುವ ರೂಢಿ ಇರಲಿಲ್ಲ. ಅಲ್ಲಿಂದ ಹಳಕಟ್ಟಿಯವರು ಮಠ, ಮನೆ ತಿರುಗಿ ಕಟ್ಟುಗಳನ್ನು ಬೇಡಿ ತಂದರು. ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಅಚ್ಚು ಮಾಡಲು ಒಪ್ಪದೆ ಹಿಂದಿರುಗಿಸಿತು ಎಂಬ ಕತೆ ಪ್ರಸಿದ್ಧ. 1923ರಲ್ಲಿ ಅದರ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಅವರು ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿ, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಅವರ ಹುಟ್ಟಿದ ದಿನವನ್ನು ರಾಜ್ಯ ಸರ್ಕಾರ ಈಗ ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತದೆ.

ಹಳಕಟ್ಟಿಯವರದು ಸಂಗ್ರಹಿಸುವ ಅವಸರ. ಹುಳ ತಿನ್ನುವ ಮೊದಲು ಅಚ್ಚಾಗಬೇಕಿತ್ತು. ಪಾಠ ಹೋಲಿಸುವ ಶಿಸ್ತನ್ನು ಬಲಪಡಿಸಿದವರು ಅವರ ನಂತರದವರು. ಶಿ. ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸುವಾಗ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸಿದರು. ಎ. ಕೆ. ರಾಮಾನುಜನ್ 1973ರ ತಮ್ಮ ಇಂಗ್ಲಿಷ್ ಅನುವಾದಕ್ಕೆ ಬಸವಣ್ಣನವರ ವಚನಗಳನ್ನು ಆರಿಸಿಕೊಂಡದ್ದು ಈ ಸಂಪಾದನೆಯಿಂದಲೇ. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ‘ಸಮಗ್ರ ವಚನ ಸಂಪುಟ’ಗಳನ್ನು 15 ಭಾಗಗಳಲ್ಲಿ ಹೊರತಂದಾಗ 20 ಸಾವಿರಕ್ಕೂ ಹೆಚ್ಚು ವಚನಗಳು ಒಂದೆಡೆ ಬಂದವು, ಬಸವಣ್ಣನವರ ಪಾಲಿಗೆ ಸುಮಾರು 1,400.

ಗ್ರಂಥಸಂಪಾದಕನ ಪುಟ ಹೇಗಿರುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡಬೇಕು. ಮೇಲೆ ದಪ್ಪಕ್ಷರದಲ್ಲಿ ವಚನ. ಕೆಳಗೆ ಗೆರೆ. ಗೆರೆಯ ಕೆಳಗೆ ಸಣ್ಣಕ್ಷರದಲ್ಲಿ: ಇಂಥ ಪದಕ್ಕೆ ‘ಕ’ ಪ್ರತಿಯಲ್ಲಿ ಈ ರೂಪ, ‘ಗ’ ಪ್ರತಿಯಲ್ಲಿ ಈ ಸಾಲು ಇಲ್ಲ. ಸಂಪಾದಕ ತನಗೆ ಸರಿತೋರಿದ ಪಾಠವನ್ನು ಮೇಲಿಡುತ್ತಾನೆ, ಬಿಟ್ಟದ್ದನ್ನು ಎಸೆಯುವುದಿಲ್ಲ. ಅವನು ತಪ್ಪಿದ್ದಾನೆ ಅನ್ನಿಸಿದರೆ ಗೆರೆಯ ಕೆಳಗಿನಿಂದ ಬೇರೊಂದನ್ನು ಎತ್ತಿಕೊಳ್ಳುವ ಸ್ವಾತಂತ್ರ್ಯ ಓದುಗನಿಗಿದೆ. ಮೂಲವೇ ಇಲ್ಲದ ಕಡೆ, ತಿದ್ದಿದ ಪ್ರತಿಗಳನ್ನೇ ಹೋಲಿಸಿ ಮೂಲದ ಹತ್ತಿರಕ್ಕೆ ಹೋಗುವ ವಿದ್ಯೆ ಇದು. ಪ್ರತಿಗಳು ಹಲವು ಮನೆಗಳಲ್ಲಿ ಇದ್ದದ್ದರಿಂದ ಅದು ಸಾಧ್ಯವಾಯಿತು. ಎಲ್ಲ ವಚನಗಳೂ ಕಲ್ಯಾಣದ ಒಂದೇ ಭಂಡಾರದಲ್ಲಿ, ಮುದ್ರೆಯೊತ್ತಿದ ಒಂದೇ ಪೆಟ್ಟಿಗೆಯಲ್ಲಿ ಇದ್ದಿದ್ದರೆ 1168ರಲ್ಲೇ ಕತೆ ಮುಗಿಯುತ್ತಿತ್ತು.

ಹುಮನಾಬಾದಿನ ಬಗಲಲ್ಲೇ ಇರುವ ಮಾಣಿಕನಗರದಲ್ಲಿ ಪಡೆದವರು ತಿದ್ದುವ ಇನ್ನೊಂದು ಬಗೆ ಕಾಣುತ್ತದೆ. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಕಲ್ಯಾಣದಲ್ಲೇ ಬೆಳೆದು, 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಯಾದ ಮಾಣಿಕ ಪ್ರಭುಗಳು ಮರಾಠಿ, ಕನ್ನಡ, ಹಿಂದುಸ್ತಾನಿಗಳಲ್ಲಿ ಪದ ಕಟ್ಟಿದರು. ಸಕಲಮತ ಎಂದು ಅವರ ಸಂಪ್ರದಾಯದ ಹೆಸರು. ಹಿಂದೂ, ಮುಸ್ಲಿಂ ಇಬ್ಬರೂ ಅವರ ದರಬಾರಿಗೆ ಬರುತ್ತಿದ್ದರು. ಪದ ಬಾಯಿಂದ ಬಾಯಿಗೆ ಹೋಗುವಾಗ ರಾಗ ಬದಲಾಗುತ್ತದೆ, ತಾಳ ಬದಲಾಗುತ್ತದೆ, ಗಾಯಕ ಒಂದು ನುಡಿಯನ್ನು ಹತ್ತು ಸಲ ಎಳೆದಾಡುತ್ತಾನೆ. ಇಷ್ಟೆಲ್ಲ ಸಲಿಗೆಯ ನಡುವೆಯೂ ಕೊನೆಯ ನುಡಿಯಲ್ಲಿ ಬರುವ ಕರ್ತೃವಿನ ಹೆಸರಿಗೆ ಕೈ ಹಚ್ಚುವುದಿಲ್ಲ. ದಾಸರ ಪದ, ಬೀದರ್–ಕಲಬುರಗಿ ಸೀಮೆಯ ತತ್ವಪದ, ಎಲ್ಲಕ್ಕೂ ಇದೇ ರೂಢಿ. ಭಜನೆ ಮೇಳದಲ್ಲಿ ಹೆಸರು ತಪ್ಪಿ ಹಾಡಿದರೆ ಪಕ್ಕದಲ್ಲಿ ತಾಳ ಹಾಕುವವನೇ ತಡೆಯುತ್ತಾನೆ.

ಆ ಗೆರೆಯನ್ನು ದಾಟಿದ್ದೇ ನಮ್ಮ ಕಾಲದ ದೊಡ್ಡ ವಿವಾದವಾಯಿತು. ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’. ಬಸವ ಧರ್ಮ ಪೀಠದ ಮಾತೆ ಮಹಾದೇವಿಯವರು ತಾವು ಸಂಪಾದಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ಅದನ್ನು ತೆಗೆದು ‘ಲಿಂಗದೇವ’ ಎಂದು ಹಾಕಿದರು. ಬಸವಣ್ಣನವರು ಪೂಜಿಸಿದ್ದು ಊರೊಂದರ ಗುಡಿಯ ಸ್ಥಾವರಲಿಂಗವನ್ನಲ್ಲ, ನಿರಾಕಾರ ದೇವರನ್ನು. ಹಳೆಯ ಅಂಕಿತ ಓದುಗರನ್ನು ಗುಡಿಯತ್ತ ಎಳೆಯುತ್ತದೆ ಎಂಬುದು ಅವರ ನಿಲುವು. ಲಿಂಗಾಯತ ಮಠಗಳು, ಸಾಹಿತಿಗಳು, ಸಂಶೋಧಕರು ತಿರುಗಿಬಿದ್ದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಹೈಕೋರ್ಟಿನಲ್ಲಿ ಅವರಿಗೆ ಜಯ ಸಿಗಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ನಿಷೇಧವನ್ನು ಎತ್ತಿಹಿಡಿಯಿತು. ಈ ನಡುವೆ, 2012ರಲ್ಲಿ, ಬಸವಕಲ್ಯಾಣದಲ್ಲಿ ಬಸವಣ್ಣನವರ 108 ಅಡಿ ಎತ್ತರದ ಪ್ರತಿಮೆ ನಿಲ್ಲಿಸಿದವರೂ ಅವರೇ. ಮೂರ್ತಿ ಎತ್ತರಿಸಿದ್ದಕ್ಕೆ ಯಾರ ತಕರಾರೂ ಅಷ್ಟಾಗಿ ಬರಲಿಲ್ಲ. ಒಂದು ಹೆಸರು ಬದಲಿಸಿದ್ದಕ್ಕೆ ದೇಶದ ದೊಡ್ಡ ಕೋರ್ಟಿನವರೆಗೆ ಹೋಗಬೇಕಾಯಿತು.

ಮಾತೆ ಮಹಾದೇವಿಯವರು ಬದಲಾವಣೆಯನ್ನು ಮುಚ್ಚಿಡಲಿಲ್ಲ, ಬಹಿರಂಗವಾಗಿ ಸಮರ್ಥಿಸಿಕೊಂಡರು. ಹಾಗಾದರೆ ಅದು ಹಲಗೆಯಾರ್ಯ ಮಾಡಿದ್ದಕ್ಕಿಂತ ಹೇಗೆ ಬೇರೆ? ಅಂಕಿತ ಇರುವ ಜಾಗದಲ್ಲಿ ಉತ್ತರವಿದೆ. ತಾಮ್ರಪಟದ ಮುದ್ರೆ ಬರಹದ ಹೊರಗೆ, ಬಳೆಯ ತುದಿಯಲ್ಲಿ ಇರುತ್ತದೆ. ವಚನದ ಅಂಕಿತ ವಾಕ್ಯದ ಒಳಗೇ ಇದೆ: ಶರಣ ಯಾರನ್ನು ಕರೆದು ಮಾತಾಡುತ್ತಿದ್ದಾನೋ ಆ ಹೆಸರೇ ಅವನ ರುಜು. ಅದನ್ನು ತೆಗೆದರೆ ರುಜುವೂ ಹೋಯಿತು, ಮಾತು ಯಾರಿಗೆ ಎಂಬುದೂ ಹೋಯಿತು. ಹಲಗೆಯಾರ್ಯ ಸಿದ್ಧರಾಮನ ಸುತ್ತ ಹೊಸ ಪ್ರಸಂಗ ಕಟ್ಟಿದ. ಸಿದ್ಧರಾಮನ ಅಂಕಿತವನ್ನು ಕಿತ್ತು ಬೇರೊಂದು ಹಾಕಲಿಲ್ಲ. ಮುಟ್ಟುಗೋಲು ಸರಿಯಾದ ಮದ್ದಾಗಿತ್ತೇ ಎಂಬುದು ಬೇರೆ ಪ್ರಶ್ನೆ. ಅಸಲಿ ಪಾಠ 15 ಸಂಪುಟಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಕಾಲದಲ್ಲಿ ತಿದ್ದಿದ ಒಂದು ಪ್ರತಿಯನ್ನು ಓದುಗರೇ ಪಕ್ಕಕ್ಕೆ ಇಡುತ್ತಿದ್ದರು. ಪೊಲೀಸರ ಕೈಗೆ ಗ್ರಂಥಸಂಪಾದನೆಯ ಕೆಲಸ ಕೊಟ್ಟದ್ದು ಒಳ್ಳೆಯ ರೂಢಿಯೇನಲ್ಲ.

ಇಮೇಲ್ ಈ ವಿಷಯದಲ್ಲಿ ವಚನಕ್ಕಿಂತ ತಾಮ್ರಪಟಕ್ಕೆ ಹತ್ತಿರ. ಯಾಹೂ, ಸಿಸ್ಕೊ ಕಂಪನಿಗಳ ಹಳೆಯ ಯೋಜನೆಗಳು ಕೂಡಿ 2007ರಲ್ಲಿ ಡಿಕಿಮ್ ಎಂಬ ಮಾನದಂಡ ಬಂತು. ಪತ್ರ ಹೊರಡುವಾಗ ಕಳಿಸುವ ಸಂಸ್ಥೆಯ ಸರ್ವರ್ ಅದರ ಒಡಲಿಗೂ ಆಯ್ದ ಶಿರೋಲೇಖಗಳಿಗೂ ಗಣಿತದ ಒಂದು ಮುದ್ರೆ ಒತ್ತುತ್ತದೆ. ಆ ಮುದ್ರೆಯನ್ನು ಪರೀಕ್ಷಿಸುವ ಕೀಲಿ ಅಂತರಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ತಲುಪಿದ ಮೇಲೆ ಒಂದು ಅಕ್ಷರ ಬದಲಾದರೂ ಲೆಕ್ಕ ತಾಳೆಯಾಗುವುದಿಲ್ಲ. ಬಳೆ ಕತ್ತರಿಸಿದ್ದು ಫ್ಲೀಟ್‌ಗೆ ಗೊತ್ತಾದಂತೆ ಯಂತ್ರಕ್ಕೆ ಗೊತ್ತಾಗುತ್ತದೆ. ನಮ್ಮ ಕಾನೂನೂ ಇದೇ ದಾರಿ ಹಿಡಿದಿದೆ. ವಿದ್ಯುನ್ಮಾನ ದಾಖಲೆಯ ಪ್ರತಿಯ ಜತೆ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2020ರಲ್ಲಿ ಮತ್ತೆ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ, ಎಂದರೆ ಅದರ ಒಡಲಿನಿಂದ ಲೆಕ್ಕಹಾಕಿದ ಗುರುತನ್ನೂ, ತುಂಬಬೇಕು. ಇಂದು ಬಸವಕಲ್ಯಾಣದ ನ್ಯಾಯಾಲಯದಲ್ಲಿ ಒಂದು ಇಮೇಲನ್ನು ಸಾಕ್ಷಿಯಾಗಿ ಹಾಜರುಪಡಿಸುವವರು ಆ ಉದ್ದನೆಯ ಅಂಕಿ–ಅಕ್ಷರಗಳ ಸರಣಿಯನ್ನು ಬರೆದೇ ಕೊಡಬೇಕು.

ಹೀಗಿರುವಾಗ ಪಡೆದವರಿಗೆ ತಮ್ಮ ಪ್ರತಿಯಲ್ಲಿ ತಿದ್ದುವ ಅವಕಾಶ ಕೊಡಲು ಹೆದರಬೇಕಾಗಿಲ್ಲ. ಖಾಲಿ ವಿಷಯದ ಸಾಲಿಗೆ ತಮಗೆ ನೆನಪಾಗುವ ಹೆಸರು ಕೊಡಲಿ, ಲಗತ್ತು ಕಿತ್ತು ಹಾಕಲಿ, ಕೆಳಗೆ ಟಿಪ್ಪಣಿ ಬರೆಯಲಿ. ಬೇಕಾದದ್ದು ಗೆರೆಯ ಕೆಳಗಿನ ಆ ಸಣ್ಣಕ್ಷರದ ಜಾಗ: ಬಂದದ್ದು ಹೀಗಿತ್ತು, ಇಂಥವರು ಇಂಥ ದಿನ ಹೀಗೆ ಮಾಡಿದರು. ತಿದ್ದಿದ ಪತ್ರವನ್ನು ಮುಂದಕ್ಕೆ ಕಳಿಸಿದರೆ ಆ ಟಿಪ್ಪಣಿಯೂ ಜತೆಗೆ ಹೋಗಬೇಕು, ಕಳಿಸಿದವರ ಹೆಸರಿನ ಪಕ್ಕದಲ್ಲೇ ತಿದ್ದಿದವರ ಹೆಸರೂ ಕಾಣಬೇಕು.

ತಾಂತ್ರಿಕವಾಗಿ ಇದರ ಒಂದು ಪಾಲು, ಮೂಲವನ್ನು ಉಳಿಸಿಡುವುದು, ಆಗಲೇ ಇದೆ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಬಳಸುವ ಸಂಸ್ಥೆಗಳಲ್ಲಿ ವ್ಯಾಜ್ಯದ ಕಾರಣಕ್ಕೆ ಯಾರದಾದರೂ ಅಂಚೆಪೆಟ್ಟಿಗೆಯನ್ನು ತಡೆಹಿಡಿದಿಟ್ಟರೆ, ಅವರು ಔಟ್‌ಲುಕ್‌ನಲ್ಲಿ ಬಂದ ಪತ್ರವನ್ನು ತಿದ್ದಿ ಉಳಿಸಿದ ಕೂಡಲೇ ಸರ್ವರ್ ತಿದ್ದುವ ಮೊದಲಿನ ಪ್ರತಿಯೊಂದನ್ನು ಗುಪ್ತ ಕೋಶದಲ್ಲಿ ಎತ್ತಿಡುತ್ತದೆ. ಎರಡನೆಯ ಸಲ ತಿದ್ದಿದರೆ ಎರಡನೆಯ ಪ್ರತಿ. ಆ ಕೋಶ ಪತ್ರ ಪಡೆದವರಿಗೆ ಕಾಣುವುದಿಲ್ಲ, ಕಳಿಸಿದವರಿಗೂ ಕಾಣುವುದಿಲ್ಲ. ತೆರೆಯುವ ಅಧಿಕಾರ ಸಂಸ್ಥೆಯ ನಿರ್ವಾಹಕರಿಗೆ ಮತ್ತು ಅವರು ನೇಮಿಸಿದವರಿಗೆ. ತಡೆಹಿಡಿಯದ ಪೆಟ್ಟಿಗೆಗಳಲ್ಲಿ ಹಳೆಯ ಪ್ರತಿ ಹೀಗೆ ಉಳಿಯುತ್ತದೆಂಬ ಖಾತ್ರಿಯಿಲ್ಲ. ಅಲ್ಲಿ ಹೊಸ ಪಾಠ ಹಳೆಯದರ ಮೇಲೆ ಕೂರುತ್ತದೆ, ಕಳಿಸಿದವರ ಹೆಸರು, ದಿನಾಂಕ, ವೇಳೆ ಮಾತ್ರ ಮೊದಲಿನಂತೆಯೇ ಇರುತ್ತವೆ.